ತೊಮೊ-ನೊ-ಉರಕ್ಕೆ ಹೋಗಿ ಬರೋದು ಹೇಗೆ: ಉಬ್ಬರ-ಇಳಿತ ನೋಡಿಕೊಂಡು ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಜಪಾನಿಗೆ ಹೋದವರು ಟೋಕಿಯೊ, ಕ್ಯೋಟೊ, ಹಿರೋಶಿಮಾ ನೋಡಿ ವಾಪಸ್ ಬರುತ್ತಾರೆ. ಒಸಾಕಾದಿಂದ ಹಿರೋಶಿಮಾಗೆ ಬುಲೆಟ್ ರೈಲಿನಲ್ಲಿ ಹೋಗುವಾಗ ನಡುವೆ ಫುಕುಯಾಮಾ ಅಂತ ಒಂದು ಸ್ಟೇಷನ್ ಸಿಗುತ್ತದೆ. ಅಲ್ಲಿ ಇಳಿದು ದಕ್ಷಿಣಕ್ಕೆ ಸುಮಾರು 14 ಕಿ.ಮೀ. ಹೋದರೆ ಸಮುದ್ರ. ಆ ದಡದಲ್ಲಿರುವ ಪುಟ್ಟ ಬಂದರು ಊರೇ ತೊಮೊ-ನೊ-ಉರ. ಊರಿನವರು ಚಿಕ್ಕದಾಗಿ ‘ತೊಮೊ’ ಅನ್ನುತ್ತಾರೆ. ಉರ ಅಂದರೆ ಸಣ್ಣ ಕೊಲ್ಲಿ.

ಈ ಊರಿಗೆ ಹೋಗುವವರು ಒಂದು ವಿಷಯ ಮೊದಲೇ ತಿಳಿದುಕೊಳ್ಳಬೇಕು. ಗಡಿಯಾರ ನೋಡಿ ಪ್ಲಾನ್ ಮಾಡಿದರೆ ಇಲ್ಲಿ ಅರ್ಧ ಮಾತ್ರ ಕಾಣುತ್ತದೆ. ನೀರು ನೋಡಿ ಪ್ಲಾನ್ ಮಾಡಬೇಕು. ಯಾಕೆ ಅಂತ ಹೇಳುತ್ತೇನೆ.

ಜಪಾನಿನ ಮೂರು ದೊಡ್ಡ ದ್ವೀಪಗಳಾದ ಹೊನ್ಶು, ಶಿಕೊಕು, ಕ್ಯೂಶುಗಳ ನಡುವೆ ಸಿಕ್ಕಿಕೊಂಡಿರುವ ಸಮುದ್ರಕ್ಕೆ ಸೆತೊ ಒಳಸಮುದ್ರ ಅಂತ ಹೆಸರು. ಉಬ್ಬರದ ಹೊತ್ತಿಗೆ ಇದಕ್ಕೆ ಪೂರ್ವದ ಬಾಗಿಲಿನಿಂದಲೂ ನೀರು ನುಗ್ಗುತ್ತದೆ, ಪಶ್ಚಿಮದ ಬಾಗಿಲಿನಿಂದಲೂ ನುಗ್ಗುತ್ತದೆ. ಎರಡೂ ಸೇರುವುದು ತೊಮೊ ಎದುರಿನ ಕಡಲಲ್ಲಿ. ಇಳಿತ ಶುರುವಾದ ಮೇಲೆ ಅಲ್ಲಿಂದಲೇ ನೀರು ಎರಡು ಕಡೆಗೂ ವಾಪಸ್ ಹರಿಯುತ್ತದೆ. ಎಂಜಿನ್ ಇಲ್ಲದ ಕಾಲದಲ್ಲಿ ಪಶ್ಚಿಮದಿಂದ ಬಂದ ಹಡಗು ಉಬ್ಬರದ ಜೊತೆ ತೊಮೊ ತನಕ ಬರುತ್ತಿತ್ತು. ಮುಂದೆ ಹೋಗಬೇಕು ಅಂದರೆ ನೀರು ತಿರುಗುವ ತನಕ ಕಾಯಬೇಕಿತ್ತು. ಪೂರ್ವದಿಂದ ಬಂದವರಿಗೂ ಅದೇ ಗತಿ. ಹೀಗೆ ಕಾಯುವುದಕ್ಕೆ ಜಪಾನಿಯಲ್ಲಿ ‘ಶಿಯೊಮಾಚಿ’ ಅನ್ನುತ್ತಾರೆ. ಕಾಯುವವರಿಗೆ ಊಟ ಬೇಕು, ಹಾಸಿಗೆ ಬೇಕು, ಕುಡಿಯಲು ಬೇಕು, ಹಡಗು ರಿಪೇರಿ ಆಗಬೇಕು. ಅದರಿಂದಲೇ ಊರು ಬೆಳೆಯಿತು. ಹಬೆ ಹಡಗು ಬಂದಮೇಲೆ ಕಾಯುವ ಅಗತ್ಯ ಹೋಯಿತು. ದೊಡ್ಡ ವ್ಯಾಪಾರವೂ ಹೋಯಿತು. ಹಳೆಯ ಬಂದರು ಮಾತ್ರ ಹಾಗೇ ಉಳಿಯಿತು.

ಹೆಜ್ಜೆ 1: ಟಿಕೆಟ್‌ಗೆ ಮೊದಲು ಪಂಚಾಂಗ ತೆಗೆಯಿರಿ

ಅಮಾವಾಸ್ಯೆ ಅಥವಾ ಹುಣ್ಣಿಮೆ, ಅದರ ಮುಂದಿನ ಎರಡು ದಿನ. ಈ ದಿನಗಳಲ್ಲಿ ಉಬ್ಬರ-ಇಳಿತ ಎರಡೂ ಜೋರು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಲ್ಪೆಯಲ್ಲೋ ಮಂಗಳೂರಲ್ಲೋ ನೀರು ಏರಿಳಿಯುವುದು ಅಷ್ಟೇನೂ ಜಾಸ್ತಿ ಇಲ್ಲ. ತೊಮೊದಲ್ಲಿ ದೊಡ್ಡ ಉಬ್ಬರದ ದಿನ ನೀರಿನ ಮಟ್ಟ ಸುಮಾರು 4 ಮೀಟರ್ ತನಕ ಏರಿಳಿಯುತ್ತದೆ. ಒಂದು ಮಹಡಿಗಿಂತ ಜಾಸ್ತಿ ಎತ್ತರ ಅಲ್ವಾ! ಬೆಳಿಗ್ಗೆ ಕಂಡ ಬಂದರು ಸಂಜೆಗೆ ಬೇರೆಯೇ ಬಂದರು.

ಜಪಾನಿನ ಹವಾಮಾನ ಇಲಾಖೆ ಪ್ರತಿ ದಿನದ ಉಬ್ಬರ-ಇಳಿತದ ಸಮಯ ಪ್ರಕಟಿಸುತ್ತದೆ. ಅಲ್ಲಿ ‘ಮಂಚೊ’ ಅಂದರೆ ತುಂಬಿದ ನೀರು, ‘ಕಂಚೊ’ ಅಂದರೆ ಇಳಿದ ನೀರು, ‘ಓಶಿಯೊ’ ಅಂದರೆ ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಉಬ್ಬರ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಅಂತರ. ದಿನ ದಿನಕ್ಕೂ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಗಲು ಬೆಳಕಿನಲ್ಲಿ ಒಂದು ಉಬ್ಬರ, ಒಂದು ಇಳಿತ ಎರಡೂ ಸಿಗುವ ಹಾಗೆ ದಿನ ಆರಿಸಿ. ಒಂದು ರಾತ್ರಿ ಅಲ್ಲೇ ಉಳಿದರೆ ಈ ಲೆಕ್ಕಾಚಾರ ತುಂಬಾ ಸುಲಭ ಆಗುತ್ತದೆ.

ನಾನು ಮೊದಲ ಸಲ ಮೂರೇ ಗಂಟೆ ಇಟ್ಟುಕೊಂಡು ಹೋಗಿದ್ದೆ. ನೀರು ಅರ್ಧದಲ್ಲಿ ನಿಂತಿತ್ತು. ಚೆಂದದ ಊರು, ಆದರೆ ಇದರ ಬಗ್ಗೆ ಇಷ್ಟು ಯಾಕೆ ಹೇಳುತ್ತಾರೆ ಅಂತ ಅರ್ಥ ಆಗಲಿಲ್ಲ. ಎರಡನೇ ಸಲ ಉಳಿದೆ. ಆಗ ಅರ್ಥ ಆಯಿತು.

ತಿಂಗಳ ಬಗ್ಗೆ ಒಂದೆರಡು ಮಾತು. ಫೆಬ್ರವರಿ-ಮಾರ್ಚ್‌ನಲ್ಲಿ ಊರಿನ ಹಳೆಯ ಮನೆ, ಅಂಗಡಿಗಳಲ್ಲಿ ಹಿನಾ ಬೊಂಬೆಗಳನ್ನು ಕೂರಿಸುತ್ತಾರೆ. ನಮ್ಮ ದಸರಾ ಗೊಂಬೆಯ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತಾರೆ. ಮೈಸೂರು ಕಡೆಯವರು ನಿಂತು ನೋಡದೆ ಮುಂದೆ ಹೋಗಲಾರರು. ಮೇ ತಿಂಗಳಲ್ಲಿ ‘ತೈ’ ಅನ್ನೋ ಮೀನನ್ನು ಹಳೆಯ ಪದ್ಧತಿಯಲ್ಲಿ ಬಲೆ ಬೀಸಿ ಹಿಡಿಯುವುದನ್ನು ತೋರಿಸುತ್ತಾರೆ. ಅಕ್ಟೋಬರ್-ನವೆಂಬರ್ ಹವೆ ಹಿತ. ಜೂನ್‌ನಿಂದ ಜುಲೈ ನಡುವಿನ ತನಕ ಮಳೆ, ಆಮೇಲೆ ಬೆವರು. ಏಪ್ರಿಲ್ ಕೊನೆಯಿಂದ ಮೇ 5ರ ತನಕ ಇಡೀ ಜಪಾನಿಗೆ ರಜೆ, ಆಗ ಬೇಡ.

ಹೆಜ್ಜೆ 2: ಮನೆಯಲ್ಲೇ ಮುಗಿಸಬೇಕಾದದ್ದು

ಭಾರತದ ಪಾಸ್‌ಪೋರ್ಟ್ ಇದ್ದರೆ ಮೊದಲೇ ವೀಸಾ ಬೇಕು. ಬೆಂಗಳೂರಿನಿಂದಲೇ ಅರ್ಜಿ ಹಾಕಬಹುದು. ಯಾವ ದಿನ ಎಲ್ಲಿರುತ್ತೀರಿ ಅನ್ನೋ ಪಟ್ಟಿ ಕೇಳುತ್ತಾರೆ. ಅದರಲ್ಲಿ ಫುಕುಯಾಮಾ ಅಂತ ಒಂದು ರಾತ್ರಿ ಸೇರಿಸಿಬಿಡಿ. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನ ಇದೆ. ತೊಮೊ ಮುಖ್ಯ ಅಂದರೆ ಒಸಾಕಾದ ಕಾನ್ಸಾಯ್ ನಿಲ್ದಾಣಕ್ಕೆ ಇಳಿಯುವುದು ಹತ್ತಿರ. ಆದರೆ ನಡುವೆ ಎಲ್ಲಾದರೂ ವಿಮಾನ ಬದಲಿಸಬೇಕು.

ತೊಮೊದಲ್ಲಿ ಉಳಿಯುವ ಜಾಗಗಳು ಕಡಿಮೆ. ಸಮುದ್ರದ ಕಡೆ ಬಿಸಿನೀರಿನ ಸ್ನಾನ ಇರುವ ಕೆಲವು ದೊಡ್ಡ ಛತ್ರದಂಥ ಹೋಟೆಲ್‌ಗಳಿವೆ. ಹಳೆಯ ಮನೆಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುವವರೂ ಇದ್ದಾರೆ. ಶನಿವಾರ ಬೇಗ ತುಂಬುತ್ತವೆ.

ಬುಕ್ ಮಾಡುವಾಗ ಒಂದು ಶಬ್ದ ನೆನಪಿಡಿ: ‘ಸುದೊಮಾರಿ’. ಅಂದರೆ ಊಟ ಇಲ್ಲದೆ ಬರೀ ಕೋಣೆ. ಮೀನು ತಿನ್ನದವರು ಇದನ್ನೇ ತೆಗೆದುಕೊಳ್ಳಿ. ಕೋಣೆಯ ಜೊತೆ ಬರುವ ಊಟ ಅಂದರೆ ಪೂರ್ತಿ ಮೀನೂಟ. ಆ ದುಡ್ಡು ಸುಮ್ನೆ ದಂಡ.

ಹೆಜ್ಜೆ 3: ಫುಕುಯಾಮಾ ತನಕ

ಶಿನ್-ಒಸಾಕಾದಿಂದ ಬುಲೆಟ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಹಿರೋಶಿಮಾದಿಂದ ಅರ್ಧ ಗಂಟೆಯೊಳಗೆ. ಬುಲೆಟ್ ರೈಲುಗಳಲ್ಲೇ ಅತಿ ವೇಗದ ‘ನೊಝೊಮಿ’ ರೈಲುಗಳೆಲ್ಲ ಫುಕುಯಾಮಾದಲ್ಲಿ ನಿಲ್ಲುವುದಿಲ್ಲ, ಹತ್ತುವ ಮುಂಚೆ ನೋಡಿ. ಒಸಾಕಾ, ಕ್ಯೋಟೊ, ಹಿರೋಶಿಮಾ ಅಷ್ಟೇ ಸುತ್ತುವುದಾದರೆ ಇಡೀ ದೇಶದ ರೈಲ್ ಪಾಸ್ ಬೇಡ. 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ ಸಿಕ್ಕಾಪಟ್ಟೆ ಏರಿತು, ಏಳು ದಿನಕ್ಕೆ 50,000 ಯೆನ್ ಆಯಿತು. ಕಾನ್ಸಾಯ್-ಹಿರೋಶಿಮಾ ಭಾಗಕ್ಕೆ ಅಂತಲೇ ಐದು ದಿನದ ಬೇರೆ ಪಾಸ್ ಇದೆ. ಅದು ಸಾಕು.

ಫುಕುಯಾಮಾ ಪ್ಲಾಟ್‌ಫಾರ್ಮ್ ಮೇಲೆ ನಿಂತರೆ ಕಣ್ಣೆದುರೇ ಕೋಟೆ. 1622ರ ಕೋಟೆ ಇದು. ಈಗ ಕಾಣುವ ಗೋಪುರ ಯುದ್ಧದ ನಂತರ, 1966ರಲ್ಲಿ ಮತ್ತೆ ಕಟ್ಟಿದ್ದು. ಸಮಯ ಇದ್ದರೆ ನೋಡಿ, ಇಲ್ಲದಿದ್ದರೆ ಪ್ಲಾಟ್‌ಫಾರ್ಮ್‌ನಿಂದ ನೋಡಿದ್ದೇ ಸಾಕು.

ದೊಡ್ಡ ಪೆಟ್ಟಿಗೆಯನ್ನು ಸ್ಟೇಷನ್ನಿನ ಲಾಕರ್‌ನಲ್ಲಿ ಇಟ್ಟುಬಿಡಿ. ತೊಮೊದ ಓಣಿಗಳಲ್ಲಿ ಅದನ್ನು ಎಳೆದುಕೊಂಡು ಹೋಗೋದು ನಿಮಗೂ ಕಷ್ಟ, ಅಲ್ಲಿನವರಿಗೂ ಕಷ್ಟ.

ಹೆಜ್ಜೆ 4: ಬಸ್ಸು

ಸ್ಟೇಷನ್ನಿನ ದಕ್ಷಿಣದ ಬಾಗಿಲಿನಿಂದ ಹೊರಗೆ ಬನ್ನಿ. ತೊಮೊತೆತ್ಸು ಕಂಪನಿಯ ಬಸ್ಸು. ಅರ್ಧ ಗಂಟೆ ದಾರಿ. ಟಿಕೆಟ್ 500-600 ಯೆನ್ ಇಟ್ಟುಕೊಳ್ಳಿ.

ಹತ್ತುವಾಗ ಬಾಗಿಲ ಪಕ್ಕದ ಯಂತ್ರದಿಂದ ಒಂದು ಸಣ್ಣ ಚೀಟಿ ಬರುತ್ತದೆ, ಅದರಲ್ಲಿ ಒಂದು ನಂಬರ್. ಹರಿದುಕೊಳ್ಳಿ. ಮುಂದೆ ಡ್ರೈವರ್ ತಲೆಯ ಮೇಲಿನ ಬೋರ್ಡಿನಲ್ಲಿ ಆ ನಂಬರಿನ ಕೆಳಗೆ ತೋರಿಸುವ ಮೊತ್ತವೇ ನಿಮ್ಮ ಚಾರ್ಜು. ಇಳಿಯುವಾಗ ಚೀಟಿ, ಚಿಲ್ಲರೆ ಎರಡನ್ನೂ ಡಬ್ಬಿಗೆ ಹಾಕಬೇಕು. ಆ ಡಬ್ಬಿ ಬಾಕಿ ಕೊಡುವುದಿಲ್ಲ. ಪಕ್ಕದ ಯಂತ್ರದಲ್ಲಿ 1,000 ಯೆನ್ ನೋಟಿಗೆ ಮೊದಲು ಚಿಲ್ಲರೆ ಮಾಡಿಕೊಳ್ಳಬೇಕು. ದೊಡ್ಡ ನೋಟಿಗೆ ಆಗುವುದಿಲ್ಲ. ಹಾಗಾಗಿ ಸ್ಟೇಷನ್ನಿನಲ್ಲೇ ನೀರೋ ಬಿಸ್ಕತ್ತೋ ತೆಗೆದುಕೊಂಡು ಚಿಲ್ಲರೆ ಮಾಡಿಕೊಳ್ಳಿ.

ಎರಡು ನಿಲ್ದಾಣಗಳ ಹೆಸರು ಗೊಂದಲ ಮಾಡುತ್ತವೆ. ಮೊದಲು ‘ತೊಮೊ-ನೊ-ಉರ’ ಬರುತ್ತದೆ. ಅದರ ಮುಂದಿನದು, ಕೊನೆಯದು, ‘ತೊಮೊ-ಕೊ’. ಸೆನ್ಸುಯಿಜಿಮಾ ದ್ವೀಪದ ದೋಣಿಗೆ ಮೊದಲನೆಯದು. ಹಳೆಯ ಬಂದರಿಗೆ ಎರಡನೆಯದು. ತಪ್ಪಿ ಇಳಿದರೂ ಚಿಂತೆ ಇಲ್ಲ, ಊರು ಅಂಗೈಯಷ್ಟು.

ಹೆಜ್ಜೆ 5: ಬಂದರಿನ ಮೆಟ್ಟಿಲ ಮೇಲೆ ಕೂತುಕೊಳ್ಳಿ

ಊರಿನ ಉಳಿದದ್ದೆಲ್ಲ ಆಮೇಲೆ. ಮೊದಲು ಇಲ್ಲಿ ಒಂದು ಗಂಟೆಯಾದರೂ ಕೊಡಿ.

ಬಂದರು ಅರ್ಧಚಂದ್ರದ ಹಾಗೆ ಬಾಗಿದೆ. ದಡದ ಉದ್ದಕ್ಕೂ ಕಲ್ಲಿನ ಮೆಟ್ಟಿಲು. ಇದಕ್ಕೆ ‘ಗಂಗಿ’ ಅನ್ನುತ್ತಾರೆ. ನಮ್ಮ ಕಲ್ಯಾಣಿಯ ಮೆಟ್ಟಿಲು ನೆನಪಾಗುತ್ತದೆ, ಆದರೆ ಇದು ಸ್ನಾನಕ್ಕಲ್ಲ, ಹಡಗಿಗೆ. ನಮ್ಮ ದಕ್ಕೆಯ ಅಂಚು ಗೋಡೆಯ ಹಾಗೆ ನೆಟ್ಟಗೆ ಇರುತ್ತದೆ ಅಲ್ವಾ? 4 ಮೀಟರ್ ಏರಿಳಿಯುವ ಜಾಗದಲ್ಲಿ ಅಂಥ ದಕ್ಕೆ ಇದ್ದರೆ ಇಳಿತದ ಹೊತ್ತಿಗೆ ದೋಣಿ ಪಾತಾಳದಲ್ಲಿ ಇರುತ್ತದೆ. ಮೂಟೆ ಮೇಲೆತ್ತೋದು ಹೇಗೆ? ಮೆಟ್ಟಿಲಾದರೆ ನೀರು ಎಲ್ಲಿದ್ದರೂ ದೋಣಿಯ ಪಕ್ಕ ಒಂದು ಮೆಟ್ಟಿಲು ಇದ್ದೇ ಇರುತ್ತದೆ. ಅಷ್ಟು ಸರಳ, ಅಷ್ಟು ಜಾಣತನ.

ಮೆಟ್ಟಿಲನ್ನು ಹತ್ತಿರದಿಂದ ನೋಡಿ. ಮೇಲಿನವು ಒಣಗಿ ಬಿಳುಚಿಕೊಂಡಿವೆ. ನಡುವಿನವು ಕಪ್ಪು. ಅದರ ಕೆಳಗೆ ಕಲ್ಲಿಗೆ ಕಚ್ಚಿಕೊಂಡ ಸಣ್ಣ ಸಣ್ಣ ಚಿಪ್ಪುಗಳ ಒಂದು ಪಟ್ಟೆ. ಅದಕ್ಕೂ ಕೆಳಗೆ ಹಸಿರು ಪಾಚಿ. ನೀರು ಎಲ್ಲಿಯ ತನಕ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದನ್ನು ಕಲ್ಲೇ ಬರೆದಿಟ್ಟುಕೊಂಡಿದೆ. ಒಂದು ಮೆಟ್ಟಿಲನ್ನು ಗುರುತು ಇಟ್ಟುಕೊಂಡು ಕೂತರೆ ಅರ್ಧ ಗಂಟೆಯಲ್ಲಿ ಅದು ಮುಳುಗುವುದೋ ಏಳುವುದೋ ಕಣ್ಣಿಗೆ ಕಾಣುತ್ತದೆ. ಹಸಿರು ಇರುವ ಮೆಟ್ಟಿಲಿಗೆ ಮಾತ್ರ ಕಾಲಿಡಬೇಡಿ. ಸೋಪಿನ ಹಾಗೆ ಜಾರುತ್ತದೆ. ಮಕ್ಕಳ ಕೈ ಬಿಡಬೇಡಿ.

ಮೆಟ್ಟಿಲುಗಳ ತುದಿಯಲ್ಲಿ ಕಲ್ಲಿನ ದೀಪಸ್ತಂಭ, ‘ಜೋಯಾತೋ’. ರಾತ್ರಿಯಿಡೀ ಉರಿಯುವ ದೀಪ ಅಂತ ಅರ್ಥ. 1859ರದ್ದು. ನೆಲದಿಂದ 5.5 ಮೀಟರ್ ಎತ್ತರ. ಎಲ್ಲರೂ ಫೋಟೊ ಹೊಡೆದು ಹೋಗುತ್ತಾರೆ. ನೀವು ತಲೆ ಎತ್ತಿ ಅದರ ಮೇಲಿನ ಕಲ್ಲಿನ ಫಲಕಗಳನ್ನು ನೋಡಿ. ಒಂದರಲ್ಲಿ ಕೊಂಪಿರಾ ದೇವರ ಹೆಸರು. ಜಪಾನಿನ ನಾವಿಕರನ್ನು ಕಾಯುವ ದೇವರು. ಆ ಹೆಸರಿನ ಮೂಲ ಸಂಸ್ಕೃತದ ಕುಂಭೀರ, ಅಂದರೆ ಮೊಸಳೆ. ಇನ್ನೊಂದರಲ್ಲಿ ಊರಿನ ಗಿಯೊನ್ ದೇವಸ್ಥಾನದ ಹೆಸರು. ಗಿಯೊನ್ ಅಂದರೆ ಬುದ್ಧ ಇರುತ್ತಿದ್ದ ಶ್ರಾವಸ್ತಿಯ ಜೇತವನ. ಅಷ್ಟು ದೂರದ ಬಂದರಿನ ದೀಪದ ಮೇಲೆ ನಮ್ಮ ಕಡೆಯ ಎರಡು ಹೆಸರು ಕೂತಿವೆ. ಇದು ಗೊತ್ತಾದ ಮೇಲೆ ನನಗೆ ಆ ದೀಪ ಬೇರೆ ಊರಿನದು ಅಂತ ಅನ್ನಿಸಲೇ ಇಲ್ಲ.

ನೀರು ಪೂರ್ತಿ ಇಳಿದಾಗ ಇನ್ನೊಂದು ಜಾಗ ಹುಡುಕಿ: ‘ತಾದೆಬಾ’. ಅಲ್ಲಿ ನೀರಿನಡಿಯಿಂದ ಕಲ್ಲುಹಾಸು ಮೇಲೆ ಬರುತ್ತದೆ. ಮರದ ಹಡಗಿನ ಹೊಟ್ಟೆಗೆ ಚಿಪ್ಪು ಕಚ್ಚಿಕೊಳ್ಳುತ್ತದೆ, ಹುಳು ಕೊರೆಯುತ್ತದೆ. ಅದಕ್ಕೆ ಉಬ್ಬರದಲ್ಲಿ ಹಡಗನ್ನು ಇಲ್ಲಿಗೆ ತಂದು ನಿಲ್ಲಿಸುತ್ತಿದ್ದರು. ನೀರು ಇಳಿದ ಮೇಲೆ ಅಡಿಯಲ್ಲಿ ಬೆಂಕಿ ಹಾಕಿ ಹೊಟ್ಟೆಯನ್ನು ಸುಡುತ್ತಿದ್ದರು. ಮುಂದಿನ ಉಬ್ಬರ ಬಂದು ಹಡಗನ್ನು ತಾನೇ ಎತ್ತಿ ಬಿಡುತ್ತಿತ್ತು. ದೀಪ, ಮೆಟ್ಟಿಲು, ಅಲೆ ತಡೆಯುವ ಕಲ್ಲುಗೋಡೆ, ಈ ಸುಡುವ ಜಾಗ, ಕಾವಲು ಕಟ್ಟೆ. ಎದೊ ಕಾಲದ (1603-1868) ಬಂದರಿನ ಈ ಐದೂ ಒಟ್ಟಿಗೆ ಉಳಿದಿರುವುದು ಜಪಾನಿನಲ್ಲಿ ಇಲ್ಲಿ ಮಾತ್ರ.

ಇದು ಉಳಿದದ್ದು ಸುಲಭವಾಗಿ ಅಲ್ಲ. 1983ರಲ್ಲಿ ಬಂದರಿನ ಒಂದು ಭಾಗ ಮುಚ್ಚಿ, ಅಡ್ಡಕ್ಕೆ ಸೇತುವೆ ಕಟ್ಟುವ ಯೋಜನೆ ಬಂತು. ಬೇಕು ಅಂದವರು ಕೆಟ್ಟವರೇನಲ್ಲ. ಊರೊಳಗಿನ ರಸ್ತೆಯಲ್ಲಿ ಎರಡು ಕಾರು ಎದುರಾದರೆ ಒಂದು ಹಿಂದೆ ಹೋಗಬೇಕು. ಅಂಬುಲೆನ್ಸ್ ಬರುವುದು ಕಷ್ಟ. ಊರಿನಲ್ಲಿ ವಯಸ್ಸಾದವರೇ ಜಾಸ್ತಿ. ಬೇಡ ಅಂದ ನಿವಾಸಿಗಳು 2007ರಲ್ಲಿ ಕೋರ್ಟಿಗೆ ಹೋದರು. 2009ರ ಅಕ್ಟೋಬರ್‌ನಲ್ಲಿ ಹಿರೋಶಿಮಾ ಜಿಲ್ಲಾ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು, ಈ ನೋಟ ಕಾಪಾಡಬೇಕಾದದ್ದು ಅಂತ ಹೇಳಿತು. 2012ರಲ್ಲಿ ಪ್ರಾಂತ್ಯದ ಗವರ್ನರ್ ಸೇತುವೆ ಕೈಬಿಡುವುದಾಗಿ ಹೇಳಿದರು. 2016ರಲ್ಲಿ ಬಂದರು ಮುಚ್ಚಲು ಅನುಮತಿ ಕೇಳಿ ಹಾಕಿದ್ದ ಅರ್ಜಿಯನ್ನೇ ಪ್ರಾಂತ್ಯದವರು ವಾಪಸ್ ತೆಗೆದುಕೊಂಡರು. ಬದಲಿಗೆ ಗುಡ್ಡದೊಳಗೆ ಸುರಂಗ ಅಂತಾಯಿತು. ನೀವು ಮೆಟ್ಟಿಲ ಮೇಲೆ ಕೂತು ನೋಡುವ ತೆರೆದ ಸಮುದ್ರಕ್ಕೆ ಸುಮಾರು 30 ವರ್ಷದ ಜಗಳದ ಬೆಲೆ ಇದೆ. ಆ ಇಕ್ಕಟ್ಟಿನ ರಸ್ತೆಯಲ್ಲಿ ಬಾಡಿಗೆ ಕಾರು ತರಬೇಡಿ ಅಂತ ನಾನು ಕೈ ಮುಗಿದು ಕೇಳುವುದೂ ಇದಕ್ಕೇ.

ಹೆಜ್ಜೆ 6: ತೈಚೋರೋದಲ್ಲಿ ಹಿಂದೆ ಸರಿದು ಕೂರಿ

ಫುಕುಝೆಂಜಿ ದೇವಸ್ಥಾನದ ಅತಿಥಿ ಕೋಣೆಯ ಹೆಸರು ತೈಚೋರೋ. 1690ರ ದಶಕದ ಆಸುಪಾಸಿನದು. ಕೊರಿಯಾದ ರಾಜದೂತರು ಜಪಾನಿಗೆ ಬರುವಾಗ ಇಲ್ಲಿ ತಂಗುತ್ತಿದ್ದರು. 1711ರಲ್ಲಿ ಬಂದವರಲ್ಲಿ ಒಬ್ಬರು, ಯಿ ಬಾಂಗ್-ಒನ್, ಪೂರ್ವ ದೇಶದಲ್ಲೇ ಇಂಥ ನೋಟ ಇನ್ನೊಂದಿಲ್ಲ ಅನ್ನೋ ಅರ್ಥದ ಮಾತು ಬರೆದುಕೊಟ್ಟರು.

ಚಪ್ಪಲಿ ಹೊರಗೆ ಬಿಡಬೇಕು, ತೂತಿಲ್ಲದ ಸಾಕ್ಸ್ ಇರಲಿ. ಒಳಗೆ ಹೋದ ಕೂಡಲೇ ಎಲ್ಲರೂ ಕಿಟಕಿಗೆ ಓಡುತ್ತಾರೆ. ನೀವು ಕೋಣೆಯ ಹಿಂಭಾಗಕ್ಕೆ ಹೋಗಿ ಚಾಪೆಯ ಮೇಲೆ ಕೂತುಬಿಡಿ. ಆಗ ಕಂಬಗಳು ಚೌಕಟ್ಟಾಗುತ್ತವೆ. ಚೌಕಟ್ಟಿನೊಳಗೆ ಹತ್ತಿರದಲ್ಲಿ ಬೆಂತೆನ್ ದ್ವೀಪ, ಅದರ ಮೇಲೆ ಒಂದು ಪುಟ್ಟ ಗುಡಿ, ಹಿಂದೆ ಸೆನ್ಸುಯಿಜಿಮಾ. ಬೆಂತೆನ್ ಅಂದರೆ ನಮ್ಮ ಸರಸ್ವತಿಯೇ. ಸಮುದ್ರದ ನಡುವೆ ಸರಸ್ವತಿ ಗುಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಕೋಣೆ ಪೂರ್ತಿ ನಿಮ್ಮದೇ ಇರಬಹುದು.

ಹೆಜ್ಜೆ 7: ಓಣಿ, ಕಷಾಯದಂಥ ಮದ್ಯ, ಮುಳುಗಿದ ಹಡಗು

ದೀಪಸ್ತಂಭದ ಹಿಂದಿನ ಓಣಿಗಳೇ ಹಳೆಯ ಪೇಟೆ. 2017ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶ ಅಂತ ಗುರುತಿಸಿತು. ಇಲ್ಲಿನ ವಿಶೇಷ ‘ಹೊಮೆಯ್‌ಶು’. 1659ರಲ್ಲಿ ನಕಮುರಾ ಮನೆತನದವರು ಶುರು ಮಾಡಿದ್ದು. ಅಂಟಕ್ಕಿಯ ಸಿಹಿ ಮದ್ಯದಲ್ಲಿ 16 ಬಗೆಯ ಮೂಲಿಕೆ ನೆನೆಸುತ್ತಾರೆ. ಚಕ್ಕೆ, ಲವಂಗ, ಜ್ಯೇಷ್ಠಮಧು ಎಲ್ಲ ಅದರಲ್ಲಿವೆ. ಈಗಲೂ ನಾಲ್ಕು ಅಂಗಡಿಯವರು ಮಾಡುತ್ತಾರೆ, ಚಿಟಿಕೆ ಲೋಟದಲ್ಲಿ ರುಚಿಗೆ ಕೊಡುತ್ತಾರೆ. ಮೂಗಿನ ಹತ್ತಿರ ತಂದರೆ ಅಜ್ಜಿಯ ಕಷಾಯದ ವಾಸನೆ, ನಾಲಿಗೆಗೆ ಬೆಲ್ಲದ ಪಾಕದ ಹಾಗೆ ಮಂದ, ಆಮೇಲೆ ಗಂಟಲಲ್ಲಿ ಬಿಸಿ. ನಾಲ್ಕರದ್ದೂ ಬೇರೆ ಬೇರೆ ರುಚಿ. ಜಪಾನಿನಲ್ಲಿ 20 ವರ್ಷದೊಳಗಿನವರು ಮದ್ಯ ಕುಡಿಯುವಂತಿಲ್ಲ. ಕುಡಿಯದವರಿಗೆ ಇದರ ಹೆಸರಿನದೇ ಗಂಟಲಿನ ಪೆಪ್ಪರಮೆಂಟು ಸಿಗುತ್ತದೆ, ಊರಿಗೆ ತರಲೂ ಹಗುರ.

ನಕಮುರಾ ಮನೆತನದ ಹಳೆಯ ಮನೆ, ಉಗ್ರಾಣಗಳೇ ಈಗಿನ ಓತಾ ಮನೆ. ಬಿಳಿ ಗಾರೆಯ ಗೋಡೆ, ದೊಡ್ಡ ತೊಲೆ, ಒಳಗೆ ಮದ್ಯ ಮಾಡುತ್ತಿದ್ದ ಜಾಗ. ಒಳಗೆ ಹೋಗಿ ನೋಡಿ. ವಾರದ ರಜೆ ಯಾವತ್ತು ಅಂತ ಮೊದಲೇ ವಿಚಾರಿಸಿಕೊಳ್ಳಿ.

ದೀಪದ ಪಕ್ಕದ ಹಳೆಯ ಉಗ್ರಾಣದಲ್ಲಿ ಇರೊಹಾ-ಮಾರು ಹಡಗಿನ ಮ್ಯೂಸಿಯಂ ಇದೆ. 1867ರಲ್ಲಿ, ಜಪಾನಿನ ಹಳೆಯ ಆಳ್ವಿಕೆ ಬದಲಿಸಲು ಓಡಾಡಿದ ಸಮುರಾಯ್ ಸಕಾಮೊತೊ ರ್‍ಯೋಮಾ ಮತ್ತು ಸಂಗಡಿಗರ ಈ ಹಡಗಿಗೆ ರಾತ್ರಿ ಹೊತ್ತು ಕಿಶು ಸಂಸ್ಥಾನದ ದೊಡ್ಡ ಹಡಗು ಡಿಕ್ಕಿ ಹೊಡೆಯಿತು. ತೊಮೊ ಕಡೆಗೆ ಎಳೆದು ತರುವಾಗ ಮುಳುಗಿತು. ರ್‍ಯೋಮಾ ಈ ಊರಲ್ಲೇ ಇಳಿದು ಪರಿಹಾರದ ಮಾತುಕತೆ ಶುರು ಮಾಡಿದರು. ಅವರು ಅಡಗಿ ಕೂತಿದ್ದ ಮಹಡಿ ಕೋಣೆಯೂ ಹತ್ತಿರದಲ್ಲೇ ಇದೆ. ಅದೇ ವರ್ಷ ಕ್ಯೋಟೊದಲ್ಲಿ ಅವರ ಕೊಲೆ ಆಯಿತು.

ಓಣಿಯಲ್ಲಿ ಕ್ಯಾಮೆರಾ ಎತ್ತುವ ಮುಂಚೆ ಒಂದು ಕ್ಷಣ ನಿಲ್ಲಿ. ತೆರೆದ ಬಾಗಿಲು ಅಂಗಡಿಯದೋ ಮನೆಯದೋ ನೋಡಿ. ಒಣಗಲು ಹಾಕಿದ ಬಲೆ ತುಳಿಯಬೇಡಿ. ಕಸದ ಡಬ್ಬಿ ಎಲ್ಲೂ ಇರುವುದಿಲ್ಲ, ಬ್ಯಾಗಿನಲ್ಲಿ ಒಂದು ಕವರ್ ಇರಲಿ. ಎದುರಾದ ಅಜ್ಜ-ಅಜ್ಜಿಯರಿಗೆ ‘ಕೊನ್ನಿಚಿವಾ’ ಅಂದರೆ ತಿರುಗಿ ಹೇಳದೆ ಇರುವುದಿಲ್ಲ.

ಹೆಜ್ಜೆ 8: ಊಟ

ಮೀನು ತಿನ್ನುವವರಿಗೆ ಹಬ್ಬ. ತೈ ಮೀನು ಹಾಕಿದ ಅನ್ನ ‘ತೈಮೆಶಿ’, ಮತ್ತೆ ‘ನೆಬುತೊ’ ಅನ್ನೋ ಬೆರಳುದ್ದದ ಮೀನಿನ ಗರಿಗರಿ ಕರಿದದ್ದು. ಮುಳ್ಳು ಸಮೇತ ತಿನ್ನಬಹುದು.

ಸಸ್ಯಾಹಾರಿಗಳಿಗೆ ನಿಜ ಹೇಳಿಬಿಡುತ್ತೇನೆ. ಇಲ್ಲಿ ಕಷ್ಟ. ಬರೀ ತರಕಾರಿ ಕಾಣುವ ಸಾರಿನಲ್ಲೂ, ನೂಡಲ್ಸ್‌ನಲ್ಲೂ ‘ದಾಶಿ’ ಇರುತ್ತದೆ. ಅದು ಸಾಮಾನ್ಯವಾಗಿ ಒಣಮೀನಿನ ಸಾರು. ‘ನಿಕು ಮೊ ಸಕಾನಾ ಮೊ ತಾಬೆಮಾಸೆನ್, ದಾಶಿ ಮೊ ದಾಮೆ ದೆಸು’ ಅಂತ ಬರೆದಿಟ್ಟುಕೊಳ್ಳಿ. ಮಾಂಸ, ಮೀನು ತಿನ್ನಲ್ಲ, ದಾಶಿಯೂ ಆಗಲ್ಲ ಅಂತ ಅರ್ಥ. ಆದರೂ ಅದನ್ನೇ ನಂಬಿ ಹಸಿದುಕೊಂಡು ಹೋಗಬೇಡಿ. ಬಸ್ಸು ಹತ್ತುವ ಮುಂಚೆ ಫುಕುಯಾಮಾದಲ್ಲೇ ಬ್ರೆಡ್ಡು, ಹಣ್ಣು, ಬರೀ ಉಪ್ಪಿನ ಅನ್ನದ ಉಂಡೆ ಕಟ್ಟಿಸಿಕೊಳ್ಳಿ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿಯ ಪ್ಯಾಕೆಟ್ ಎರಡು ಊರಿಂದಲೇ ತಂದರೆ ರಾತ್ರಿ ನಿಶ್ಚಿಂತೆ. ಹೋಟೆಲ್ ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಇರುತ್ತದೆ. ಹಣ್ಣು, ಕರಿಬೇವು, ಹಸಿ ತರಕಾರಿ ಮಾತ್ರ ಭಾರತದಿಂದ ತರಬೇಡಿ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಸಂಜೆ ಐದರ ಮೇಲೆ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತವೆ. ಆಮೇಲೆ ಏನಾದರೂ ಸಿಗುತ್ತದೆ ಅಂತ ಕೂರಬೇಡಿ. ಕೆಲವು ಕಡೆ ಕಾರ್ಡು ನಡೆಯಲ್ಲ, ನಗದು ಇರಲಿ.

ಹೆಜ್ಜೆ 9: ರಾತ್ರಿ ಮತ್ತು ಮರುದಿನ

ದಿನಕ್ಕೆ ಬಂದು ಹೋಗುವವರೆಲ್ಲ ಹೋದ ಮೇಲೆ ಮತ್ತೆ ದೀಪದ ಹತ್ತಿರ ಹೋಗಿ. ಕತ್ತಲಲ್ಲಿ ಅದು ಹಳದಿಯಾಗಿ ಬೆಳಗುತ್ತದೆ. ಕಟ್ಟಿದ ದೋಣಿಗಳ ಹಗ್ಗ ಕಿರ್ರೆನ್ನುವುದು, ಮೆಟ್ಟಿಲಿಗೆ ನೀರು ತಾಗುವ ಸದ್ದು ಬಿಟ್ಟರೆ ಬೇರೇನೂ ಕೇಳಲ್ಲ. ಅಲ್ಲಿ ಜೋರಾಗಿ ಮಾತಾಡಬೇಡಿ, ಪಕ್ಕದಲ್ಲೇ ಜನ ಮಲಗಿರುತ್ತಾರೆ.

ಬೆಳಿಗ್ಗೆ ಬಿಸಿಲೇರುವ ಮುಂಚೆ ಇಓಜಿ ದೇವಸ್ಥಾನಕ್ಕೆ ಹೋಗಿ. ಅಲ್ಲಿಂದ ಗುಡ್ಡದ ಮೇಲಿನ ಗುಡಿಗೆ 583 ಮೆಟ್ಟಿಲು. ಕಾಲು ಗಂಟೆ ಸಾಕು, ಮಂಡಿನೋವಿದ್ದರೆ ಬೇಡ. ಮೇಲಿಂದ ನೋಡಿದರೆ ಹೆಂಚಿನ ಮನೆಗಳ ನಡುವೆ ಬಂದರಿನ ಬಾಗು ಪೂರ್ತಿ ಕಾಣುತ್ತದೆ. ಹಡಗುಗಳು ಯಾಕೆ ಇಲ್ಲೇ ಒಳಗೆ ಬಂದು ಕಾಯುತ್ತಿದ್ದವು ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಎರಡು ಗಂಟೆ ಉಳಿದಿದ್ದರೆ ಸೆನ್ಸುಯಿಜಿಮಾ. ದೋಣಿಯಲ್ಲಿ ಐದೇ ನಿಮಿಷ. ಆ ದೋಣಿಯನ್ನು ಇರೊಹಾ-ಮಾರುವಿನ ಹಾಗೇ ಕಾಣುವಂತೆ ಮಾಡಿದ್ದಾರೆ. ದ್ವೀಪದ ಅಂಚಿನಲ್ಲಿ ಐದು ಬಣ್ಣದ ಬಂಡೆಗಳಿವೆ.

ವಾಪಸ್ ಬಸ್ಸಿಗೆ ಮುಂಚೆ ನಿನ್ನೆ ಗುರುತು ಇಟ್ಟುಕೊಂಡ ಮೆಟ್ಟಿಲಿನ ಹತ್ತಿರ ಇನ್ನೊಂದು ಸಲ ಹೋಗಿ. ನಾನು ಹೋದಾಗ ನಿನ್ನೆ ಸಂಜೆ ಕೂತಿದ್ದ ಕಲ್ಲು ನೀರಿನೊಳಗಿತ್ತು. ಅದರ ಮೇಲೆ ಒಂದು ಹಿಂಡು ಮರಿಮೀನು ಓಡಾಡುತ್ತಿತ್ತು. ತೊಮೊ-ಕೊ ಬಸ್ ನಿಲ್ದಾಣ ಅಲ್ಲಿಂದ ಕೆಲವೇ ನಿಮಿಷದ ನಡಿಗೆ.